ಬೆನ್ನ ಹಿಂದಿನ ಕೈ

ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯ ನೆತ್ತಿಯಲ್ಲಿ. ಘಟ್ಟ ಇಳಿದರೆ ಅರಬ್ಬಿ ಸಮುದ್ರ. ಆದರೆ ಹೊಳೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಮೂಡಣಕ್ಕೆ ಮುಖಮಾಡಿ ಹಿಡಕಲ್ ಜಲಾಶಯದಲ್ಲಿ ತಂಗಿ, ಧೂಪದಾಳದಲ್ಲಿ ಕಾಲುವೆಗಳಿಗೆ ಪಾಲು ಕೊಟ್ಟು, ಗೋಕಾಕದ ಬಂಡೆಯಿಂದ 52 ಮೀಟರ್ ಕೆಳಕ್ಕೆ ಧುಮುಕಿ, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಈ ದಂಡೆಯ ಜನಕ್ಕೆ ನೀರಿನ ಗುಣ ಗೊತ್ತು. 2019ರ ಆಗಸ್ಟ್‌ನಲ್ಲಿ ಹೊಳೆ ಗೋಕಾಕದ ಪೇಟೆಗೇ ನುಗ್ಗಿದ್ದನ್ನು ಕಂಡವರು ಅವರು. ಸಮುದ್ರದ ಗುಣ ಮಾತ್ರ ಅವರಿಗೆ ಹೊಸದು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ಈಸು ಕಲಿಯುತ್ತಿದ್ದದ್ದು ಹೊಲದ ಬಾವಿಯಲ್ಲಿ. ಬೇಸಿಗೆ ರಜೆ ಬಂದರೆ ಸಾಕು, ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಬೆಂಡು. ಪಾವಟಿಗೆಯ ಮೇಲೆ ನಿಂತ ಕಾಕಾನೋ ಮಾಮಾನೋ ಹಗ್ಗದ ತುದಿ ಹಿಡಿದುಕೊಂಡು, “ಅಂಜಬ್ಯಾಡ, ಕೈ ಕಾಲು ಬಡಿ” ಎನ್ನುತ್ತಿದ್ದರು. ಹುಡುಗ ಬಡಿಯುತ್ತಿದ್ದ. ಮುಳುಗುವ ಹೊತ್ತಿಗೆ ಸರಿಯಾಗಿ ಹಗ್ಗ ಬಿಗಿಯಾಗುತ್ತಿತ್ತು, ತೇಲುವ ಹೊತ್ತಿಗೆ ಸಡಿಲವಾಗುತ್ತಿತ್ತು.

ಹೀಗೆ ಕಲಿತವನೊಬ್ಬ ದೊಡ್ಡವನಾಗಿ, ಹೆಂಡತಿ ಮಕ್ಕಳೊಂದಿಗೆ ರಜೆಗೆಂದು ಕರಾವಳಿಗೆ ಇಳಿದಿದ್ದಾನೆ ಎಂದುಕೊಳ್ಳೋಣ. ಗೋಕರ್ಣ, ಮುರ್ಡೇಶ್ವರ, ಉಡುಪಿ ದರ್ಶನ ಮುಗಿಸಿ ಇನ್ನೂ ತೆಂಕಕ್ಕೆ ಹೋದರೆ ಮೂಲ್ಕಿ. ಅಲ್ಲಿ ಬೆಳಗಿನ ಹೊತ್ತು ಮರಳ ಮೇಲೆ ಉದ್ದುದ್ದ ಹಲಗೆಗಳು ಸಾಲಾಗಿ ಮಲಗಿರುತ್ತವೆ. ದುಡ್ಡು ಕೊಟ್ಟರೆ ಸರ್ಫಿಂಗಿನ ಮೊದಲ ಪಾಠ.

ಪಾಠ ಶುರುವಾಗುವುದು ಒಣ ಮರಳಿನಲ್ಲಿ. ಕಲಿಯುವವರ ಹಲಗೆ ಎಂಟು ಒಂಬತ್ತು ಅಡಿ ಉದ್ದ. ಬಿದ್ದರೆ ಪೆಟ್ಟಾಗದಂತೆ ಮೇಲ್ಮೈಯಲ್ಲಿ ಮೆತ್ತನೆಯ ಫೋಮು. ಹಿಂದಿನ ಕಾಲಿನ ಹರಡಿಗೆ ಒಂದು ಪಟ್ಟಿ ಸುತ್ತುತ್ತಾರೆ; ಅದರಿಂದ ಹೊರಟ ಬಳ್ಳಿ ಹಲಗೆಯ ಬಾಲಕ್ಕೆ ಸೇರಿರುತ್ತದೆ. ಯಾವ ಕಾಲು ಹಿಂದೆ, ಯಾವುದು ಮುಂದೆ ಎಂದು ಕಂಡುಹಿಡಿಯಲು ಒಂದು ಸರಳ ಉಪಾಯವಿದೆ. ಕಲಿಯುವವ ನೆಟ್ಟಗೆ ನಿಂತಿರುವಾಗ ಕಲಿಸುವವನು ಹಿಂದಿನಿಂದ ಮೆಲ್ಲಗೆ ನೂಕುತ್ತಾನೆ. ಬೀಳದಿರಲೆಂದು ತಾನಾಗಿ ಮುಂದೆ ಹೋದ ಕಾಲೇ ಹಲಗೆಯ ಮೇಲೂ ಮುಂದೆ. ಆಮೇಲೆ ಬೋರಲು ಮಲಗುವುದು, ಕೈಯಿಂದ ನೀರು ಬಗೆಯುವಂತೆ ಮರಳು ಬಗೆಯುವುದು, ಅಂಗೈಗಳನ್ನು ಎದೆಯ ಪಕ್ಕ ಊರಿ ಒಂದೇ ಏಟಿಗೆ ಎದ್ದು ನಿಲ್ಲುವುದು. ಮಂಡಿ ಬಾಗಿರಬೇಕು, ಕಣ್ಣು ದಡದ ಮೇಲಿರಬೇಕು. “ಕಾಲು ನೋಡ್ಬೇಡಿ ಮಾರಾಯ್ರೆ, ಎದುರು ನೋಡಿ” ಎಂಬುದು ನೂರು ಸಲ ಕೇಳಿಬರುವ ಮಾತು. ಕಾಲು ನೋಡಿಕೊಂಡವರ ತಲೆ ಬಗ್ಗುತ್ತದೆ, ಭಾರ ಮುಂದಕ್ಕೆ ಸರಿಯುತ್ತದೆ, ಹಲಗೆಯ ಮೂಗು ನೀರಿಗೆ ಚುಚ್ಚಿಕೊಳ್ಳುತ್ತದೆ.

ಆಮೇಲೆ ನೀರು. ಸೊಂಟದ ಮಟ್ಟಕ್ಕಿಂತ ಆಳಕ್ಕೆ ಯಾರನ್ನೂ ಬಿಡುವುದಿಲ್ಲ. ಆಚೆ ಒಡೆದು ನೊರೆಯಾಗಿ ಬರುವ ಅಲೆಗಳಷ್ಟೇ ಹೊಸಬರ ಪಾಲು. ಕಲಿಯುವವ ದಡಕ್ಕೆ ಮುಖಮಾಡಿ ಹಲಗೆಯ ಮೇಲೆ ಬೋರಲು ಮಲಗಿದ್ದಾನೆ. ಬರುತ್ತಿರುವ ಅಲೆ ಅವನಿಗೆ ಕಾಣುವುದಿಲ್ಲ. ಅದನ್ನು ನೋಡುತ್ತಿರುವವನು ಅವನ ಕಾಲ ಬಳಿ, ಹಲಗೆಯ ಬಾಲ ಹಿಡಿದು ನಿಂತಿರುವ ಕಲಿಸುವವನು. ಒಂದು ಅಲೆಯನ್ನು ಬಿಡುತ್ತಾನೆ, ಇನ್ನೊಂದನ್ನೂ ಬಿಡುತ್ತಾನೆ. ಮೂರನೆಯದು ಬಂದಾಗ “ಬಗೆಯಿರಿ, ಬಗೆಯಿರಿ” ಎಂದು ಕೂಗಿ, ಅಲೆಯ ವೇಗಕ್ಕೆ ಹಲಗೆಯ ವೇಗ ಕೂಡುವ ಆ ಕ್ಷಣದಲ್ಲಿ ಬಲವಾಗಿ ನೂಕುತ್ತಾನೆ. ಹಲಗೆ ಜಗ್ಗನೆ ಏರುತ್ತದೆ. “ಏಳಿ!” ಹಲವು ಸಲ ಬಿದ್ದು ಉಪ್ಪುನೀರು ಕುಡಿದ ಮೇಲೆ ಒಂದು ಸಲ ಮನುಷ್ಯ ನೀರಿನ ಮೇಲೆ ಎದ್ದು ನಿಂತೇಬಿಡುತ್ತಾನೆ. ದಡದಲ್ಲಿ ಹೆಂಡತಿ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ನಿಂತವನ ಮುಖದಲ್ಲಿ, “ನಾ ನಿಂತೆ” ಎಂಬ ಹಿಗ್ಗು.

ನಿಂತದ್ದು ಅವನೇ? ನಿಲ್ಲಿಸಿದ್ದು ಅಲೆಯೇ? ಭಾರತದ ಭಕ್ತಿಪಂಥಗಳು ಶತಮಾನಗಟ್ಟಲೆ ಚರ್ಚಿಸಿದ ಪ್ರಶ್ನೆ ಇದು. ಮನುಷ್ಯ ದಡ ಸೇರುವುದು ಪ್ರಯತ್ನದಿಂದಲೋ, ಕೃಪೆಯಿಂದಲೋ? ಮೂಲ್ಕಿಯಲ್ಲಿ ಅದು ಇನ್ನೊಂದು ಕಾರಣಕ್ಕೂ ಎದುರು ನಿಲ್ಲುತ್ತದೆ: ಈ ಆಟವನ್ನು ಇಲ್ಲಿ ಬೇರೂರಿಸಿದವರು ಕಾವಿ ಉಟ್ಟ ಸನ್ಯಾಸಿ.

ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಕಡಲತೀರದಲ್ಲಿ ಹರೆಯದಲ್ಲೇ ಸರ್ಫಿಂಗ್ ಕಲಿತ ಜ್ಯಾಕ್ ಹೆಬ್ನರ್, ಇಸ್ಕಾನ್ ಸ್ಥಾಪಕ ಭಕ್ತಿವೇದಾಂತ ಪ್ರಭುಪಾದರ ಶಿಷ್ಯರಾದರು. ಸನ್ಯಾಸ ಪಡೆದು ಸ್ವಾಮಿ ನರಸಿಂಘ ಎನಿಸಿಕೊಂಡರು. 2004ರಲ್ಲಿ ಮೂಲ್ಕಿಯಲ್ಲಿ ಅವರ ಆಶ್ರಮದ ಜತೆಗೇ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಬೆಳಿಗ್ಗೆ ಜಪ, ಪೂಜೆ. ಆಮೇಲೆ ಹಲಗೆ ಹೊತ್ತು ಕಡಲಿಗೆ. ಬಂದ ಅತಿಥಿಗಳಿಗೂ ಮಾಂಸ, ಮದ್ಯ, ಸಿಗರೇಟು ವರ್ಜ್ಯ. ಪತ್ರಿಕೆಗಳು ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದವು. ಆಶ್ರಮಕ್ಕೆ ಇಟ್ಟ ಹೆಸರು ಕಾಳಿಯಮರ್ದನ ಕೃಷ್ಣ. ಯಮುನೆಯ ಮಡುವಿನಲ್ಲಿ ಹಾವಿನ ಹೆಡೆಗಳ ಮೇಲೆ ಕಾಲಿಟ್ಟು ಕುಣಿದ ಬಾಲಕನ ಹೆಸರನ್ನು ಅಲೆಯ ಮೇಲೆ ನಿಲ್ಲುವವರು ಆರಿಸಿಕೊಂಡದ್ದು ಬಲು ಹೊಂದಿಕೆಯ ಆಯ್ಕೆ.

ಅಲ್ಲಿಂದ ಹರಡಿದ್ದು ಬೇಗ. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವೀಯ ಮತ್ತು ತುಷಾರ್ ಪತಿಯಾನ್ ಈ ಆಶ್ರಮದ ಸುದ್ದಿ ಕೇಳಿ ಬಂದು ಸರ್ಫಿಂಗ್ ಹಿಡಿದರು. ಕೋಡಿ ಬೆಂಗ್ರೆಯಲ್ಲಿ ತಮ್ಮದೇ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. 2016ರ ಮೇ ತಿಂಗಳಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು.

ಕರಾವಳಿಯ ಧರ್ಮಕ್ಕೆ ಕಡಲಿನ ಜತೆ ಇರುವ ನಂಟು ಎರಡು ಬಗೆಯದು. ಉಡುಪಿಯ ಕೃಷ್ಣ ಬಂದದ್ದೇ ಸಮುದ್ರದಿಂದ: ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಮುಟ್ಟಿಸಿದರು, ಅದರೊಳಗಿನ ಗೋಪೀಚಂದನದ ಗಡ್ಡೆಯಲ್ಲಿ ವಿಗ್ರಹ ಸಿಕ್ಕಿತು ಎಂಬುದು ಸಂಪ್ರದಾಯದ ಕಥೆ. ಅದೇ ಉಡುಪಿಯಲ್ಲಿ, 2008ರ ಪರ್ಯಾಯದ ಹೊತ್ತಿಗೆ, ವಿದೇಶಯಾತ್ರೆ ಮಾಡಿದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಎದ್ದಿತು. ಸಮುದ್ರ ದಾಟುವುದನ್ನು ಬೌಧಾಯನ ಧರ್ಮಸೂತ್ರ ಪಾತಕಗಳ ಪಟ್ಟಿಯಲ್ಲಿ ಸೇರಿಸಿದೆ. ಸಮುದ್ರ ದಾಟಿ ಬಂದ ಸನ್ಯಾಸಿಯೊಬ್ಬರು ಅದೇ ಕಾಲದಲ್ಲಿ, ಸ್ವಲ್ಪ ದೂರದಲ್ಲೇ, ಸಮುದ್ರದ ಮೇಲೆ ನಿಲ್ಲುವುದನ್ನು ಕಲಿಸುತ್ತಿದ್ದರು.

ಸನ್ಯಾಸಿಗೆ ಆಟ ಸಲ್ಲುತ್ತದೆಯೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಶಾಸ್ತ್ರ ಈ ವಿಷಯದಲ್ಲಿ ಅಂದುಕೊಂಡಷ್ಟು ಬಿಗಿಯಾಗಿಲ್ಲ. ಏನೂ ಕೊರತೆಯಿಲ್ಲದ ಭಗವಂತ ಜಗತ್ತನ್ನು ಯಾಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರ ಕೊಡುವ ಉತ್ತರ, ಅದು ಲೀಲೆ ಎಂದು. ಅದನ್ನು ವಿವರಿಸುತ್ತ ಮಧ್ವರು, ಸುಖ ಉಕ್ಕಿದವನು ಫಲದ ಯೋಚನೆಯಿಲ್ಲದೆ ಹಾಡಿ ಕುಣಿಯುವುದನ್ನು ನೆನಪಿಸುತ್ತಾರೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಬಾಲಕ ಮಧ್ವ ಓಟ, ಈಜು, ಕುಸ್ತಿಗಳಲ್ಲಿ ಎಲ್ಲರನ್ನೂ ಮೀರಿಸುತ್ತಾನೆ. ಆ ಅಮೆರಿಕನ್ ಸ್ವಾಮಿಯ ಗೌಡೀಯ ಪರಂಪರೆ ತನ್ನ ಗುರುಪಂಕ್ತಿಯಲ್ಲಿ ಮಧ್ವರನ್ನು ಸೇರಿಸಿಕೊಳ್ಳುತ್ತದೆ. ಅದೇ ಪರಂಪರೆಯ ಚೈತನ್ಯ ಚರಿತಾಮೃತದಲ್ಲಿ ಬರುವ ಒಂದು ಪ್ರಸಂಗವಂತೂ ಇಲ್ಲಿಗೆ ಹೇಳಿ ಮಾಡಿಸಿದ್ದು. ಬೆಳದಿಂಗಳ ಇರುಳು ಪುರಿಯ ಸಮುದ್ರವನ್ನು ಯಮುನೆಯೆಂದು ಭಾವಿಸಿ ಚೈತನ್ಯರು ನೀರಿಗೆ ಹಾರಿಬಿಡುತ್ತಾರೆ. ಅಲೆಗಳು ಅವರನ್ನು ಕೊನಾರ್ಕದ ದಿಕ್ಕಿಗೆ ಹೊತ್ತೊಯ್ಯುತ್ತವೆ. ಭಕ್ತರು ರಾತ್ರಿಯೆಲ್ಲ ಹುಡುಕಿದರೂ ಸಿಗುವುದಿಲ್ಲ. ಕೊನೆಗೆ ಅವರು ಸಿಗುವುದು ಬೆಸ್ತನೊಬ್ಬನ ಬಲೆಯಲ್ಲಿ.

ಆಟವನ್ನೇ ಅಧರ್ಮ ಎಂದವರೂ ಇದ್ದಾರೆ. ಸರ್ಫಿಂಗಿನ ತವರಾದ ಹವಾಯಿಯಲ್ಲಿ ಅಲೆ ಏರುವುದು ದೊರೆಗಳಿಂದ ಹಿಡಿದು ಸಾಮಾನ್ಯರವರೆಗೆ ಎಲ್ಲರ ಆಟವಾಗಿತ್ತು. ಕಹಲೂ ಎಂಬಲ್ಲಿ ಸರ್ಫಿಂಗಿಗೇ ಸಂಬಂಧಿಸಿದ ಕಲ್ಲಿನ ದೇಗುಲದ ಜಗಲಿ ಇಂದಿಗೂ ಇದೆ. 1820ರಲ್ಲಿ ಅಲ್ಲಿಗೆ ಬಂದ ಕ್ರೈಸ್ತ ಮಿಷನರಿಗಳ ಕಣ್ಣಿಗೆ ಈ ಆಟದ ಸುತ್ತ ಕಂಡದ್ದು ನಗ್ನತೆ, ಜೂಜು, ಸೋಮಾರಿತನ. ಹೊರಗಿನಿಂದ ಬಂದ ರೋಗಗಳಿಗೆ ಜನರೂ ಸತ್ತರು, ಆಟವೂ ಸೊರಗಿತು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಜಗತ್ತಿಗೆ ಮತ್ತೆ ತೋರಿಸಿದವರಲ್ಲಿ ಪ್ರಮುಖ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹಾನಮೋಕು.

ಕೃಪೆಯ ಪ್ರಶ್ನೆಗೆ ಮರಳಿದರೆ, ಅದನ್ನು ಅತ್ಯಂತ ಸ್ಪಷ್ಟವಾಗಿ ಬಿಡಿಸಿಟ್ಟವರು ಶ್ರೀವೈಷ್ಣವರು. ರಾಮಾನುಜರ ನಂತರ ಅವರಲ್ಲಿ ಎರಡು ಕವಲಾಯಿತು. ವೇದಾಂತ ದೇಶಿಕರನ್ನು ಅನುಸರಿಸುವ ವಡಗಲೆಯವರದು ಮರ್ಕಟನ್ಯಾಯ: ಕೋತಿಯ ಮರಿ ತಾಯಿಯನ್ನು ತಾನೇ ತಬ್ಬಿ ಹಿಡಿಯಬೇಕು, ಹಾಗೆ ಜೀವನೂ ತನ್ನ ಪಾಲಿನ ಯತ್ನ ಮಾಡಬೇಕು. ಪಿಳ್ಳೈ ಲೋಕಾಚಾರ್ಯರನ್ನು ಅನುಸರಿಸುವ ತೆಂಗಲೆಯವರದು ಮಾರ್ಜಾಲನ್ಯಾಯ: ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಶ್ರೀರಂಗಕ್ಕೆ ದಾಳಿಯಾದಾಗ ದೇಶಿಕರು ನಮ್ಮ ಸತ್ಯಾಗಾಲಕ್ಕೆ ಬಂದು ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ಮೇಲುಕೋಟೆಯಲ್ಲಿ ಎರಡೂ ಬಗೆಯ ನಾಮಗಳು ಇಂದಿಗೂ ಕಾಣುತ್ತವೆ.

ಹಲಗೆಯ ಮೇಲೆ ಬೋರಲು ಮಲಗಿದವನಿಗೆ ಎರಡೂ ನಿಜವೆನಿಸುತ್ತವೆ. ಕೈಯಿಂದ ನೀರು ಬಗೆಯದಿದ್ದರೆ ಅಲೆ ಅವನ ಅಡಿಯಿಂದ ಜಾರಿಹೋಗುತ್ತದೆ. ಅಲೆ ಬಾರದಿದ್ದರೆ ಎಷ್ಟು ಬಗೆದರೂ ಹಲಗೆ ಏಳುವುದಿಲ್ಲ. ಆದ್ದರಿಂದ ಸರ್ಫಿಂಗನ್ನು ಅಧ್ಯಾತ್ಮಕ್ಕೆ ಹೋಲಿಸುವವರು ಸಾಮಾನ್ಯವಾಗಿ ಅಲ್ಲಿಗೇ ಮಾತು ನಿಲ್ಲಿಸುತ್ತಾರೆ: ಅರ್ಧ ಪ್ರಯತ್ನ, ಅರ್ಧ ಕೃಪೆ, ಅಲೆಯೇ ಕೃಪೆ. ಕೇಳಲು ಹಿತವಾಗಿದೆ. ಆದರೆ ಒಪ್ಪಲಾಗದು.

ಅಲೆ ಎಂದರೇನು ಎಂಬುದನ್ನು ನೋಡಿದರೆ ಯಾಕೆಂದು ತಿಳಿಯುತ್ತದೆ. ತೆರೆದ ಕಡಲಿನಲ್ಲಿ ಅಲೆಯೊಂದಿಗೆ ನೀರು ಪ್ರಯಾಣ ಮಾಡುವುದಿಲ್ಲ. ನೀರಿನ ಕಣಗಳು ಇದ್ದಲ್ಲೇ ಸುತ್ತು ಹಾಕುತ್ತವೆ. ಸಾಗಿ ಬರುವುದು ಗಾಳಿ ಕೊಟ್ಟ ಶಕ್ತಿ. ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಶಕ್ತಿ ದಿನಗಟ್ಟಲೆ, ಸಾವಿರಾರು ಕಿಲೋಮೀಟರ್ ದೂರ ಸಾಗಿ ಭಾರತದ ಪಡುವಣ ದಂಡೆಗೆ ಬರಬಲ್ಲುದು. ಬುಡದ ನೆಲ ಮೇಲೇರಿದಂತೆ ಅಲೆಯ ಕೆಳಭಾಗ ನಿಧಾನವಾಗುತ್ತದೆ, ಎತ್ತರ ಹೆಚ್ಚುತ್ತದೆ. ನೀರಿನ ಆಳದ ಸುಮಾರು ಮುಕ್ಕಾಲು ಪಾಲಿನಷ್ಟು ಎತ್ತರವಾದಾಗ ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಇದರಲ್ಲಿ ಯಾರ ಮೇಲೂ ಕರುಣೆಯಿಲ್ಲ, ಯಾರ ಮೇಲೂ ಹಗೆಯಿಲ್ಲ. ದಡಕ್ಕೆ ಬಂದ ನೀರು ಒಂದು ಕಡೆ ಕೂಡಿ ರಭಸದಿಂದ ಹಿಂದಿರುಗುವ ಸೆಳೆತವೂ ಇದೇ ಕ್ರಿಯೆಯ ಭಾಗ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸಮುದ್ರದ ಪಾಲಾದರು. ಬಯಲುಸೀಮೆಯ ಮಕ್ಕಳು. ಒಬ್ಬನನ್ನು ಎತ್ತಿ ನಿಲ್ಲಿಸಿದ ಅಲೆ ಕೃಪೆಯಾದರೆ, ಆ ಮಕ್ಕಳನ್ನು ಎಳೆದೊಯ್ದ ಅಲೆಗೆ ಏನೆನ್ನಬೇಕು? ಸಮುದ್ರವನ್ನು ಕೃಪೆ ಎಂದು ಕರೆಯುವ ತತ್ವ ಈ ಪ್ರಶ್ನೆಯ ಎದುರು ನಿಲ್ಲಲಾರದು. ಗೋಕಾಕದ ಮಹಾಪೂರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ಆ ಪಾಠದಲ್ಲಿ ಕೃಪೆ ಇತ್ತೇ? ಇತ್ತು. ಅದು ಹಲಗೆಯ ಬಾಲ ಹಿಡಿದಿತ್ತು. ಎರಡು ಅಲೆ ಬಿಟ್ಟು ಮೂರನೆಯದನ್ನು ಆರಿಸಿದ ಕಣ್ಣು, ಸರಿಯಾದ ಕ್ಷಣಕ್ಕೆ ಕಾದ ತಾಳ್ಮೆ, ನೂಕಿದ ಕೈ. ನಿಂತವನಿಗೆ ಅದು ಕಾಣಲಿಲ್ಲ, ಯಾಕೆಂದರೆ ಅದು ಅವನ ಬೆನ್ನ ಹಿಂದಿತ್ತು. ಕೋತಿ ಮರಿ, ಬೆಕ್ಕಿನ ಮರಿ ಎರಡೂ ನ್ಯಾಯಗಳಲ್ಲಿ ಇರುವವರು ಇಬ್ಬರೇ: ಜೀವ ಮತ್ತು ದೇವ. ವಡಗಲೆ, ತೆಂಗಲೆ ಇಬ್ಬರೂ ಆಚಾರ್ಯನಿಗೆ ದೊಡ್ಡ ಸ್ಥಾನ ಕೊಟ್ಟವರೇ. ಆದರೂ ಅವರ ಉಪಮೆಯೊಳಗೆ ಆ ಮೂರನೆಯವನಿಗೆ ಜಾಗವಿಲ್ಲ.

ಘಟಪ್ರಭೆಯ ದಂಡೆಯವರಿಗೆ ಈ ಮೂರನೆಯವನು ಹೊಸಬನಲ್ಲ. ಶ್ರಾವಣದಲ್ಲಿ ಊರ ಮಠದ ಪ್ರವಚನಕ್ಕೆ ಕೂತವರೆಲ್ಲ ಅಷ್ಟಾವರಣದ ಎಂಟು ಹೆಸರು ಕೇಳಿದವರೇ. ಗುರು, ಲಿಂಗ, ಜಂಗಮ ಎಂದು ಪಟ್ಟಿ ಶುರುವಾಗುವುದೇ ಗುರುವಿನಿಂದ; ದೇವರ ಕುರುಹಾದ ಲಿಂಗದ ಹೆಸರು ಆಮೇಲೆ. ಇಷ್ಟಲಿಂಗ ಆಕಾಶದಿಂದ ಇಳಿಯುವುದಿಲ್ಲ. ಅದನ್ನು ಗುರು ತನ್ನ ಕೈಯಿಂದ ಶಿಷ್ಯನ ಅಂಗೈಗೆ ಕೊಡಬೇಕು. ಕೊಟ್ಟ ಮೇಲೆ ಪೂಜೆ ಶಿಷ್ಯನದು. ಅವನ ಪರವಾಗಿ ಗುರು ಪೂಜಿಸುವುದಿಲ್ಲ.

ಸೊನ್ನಲಿಗೆಯ ಸಿದ್ಧರಾಮನ ಕಥೆ ಈ ಮಾತಿಗೆ ದೊಡ್ಡ ಸಾಕ್ಷಿ. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಅವನಷ್ಟು ದುಡಿದವರು ಕಡಿಮೆ. ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಸಾವಿರಾರು ಜನರನ್ನು ಆ ಕೆಲಸಕ್ಕೆ ಕೂಡಿಸಿದ. ಪ್ರಯತ್ನದಿಂದಲೇ ದಡ ಸೇರುವುದಾದರೆ ಅವನು ಎಂದೋ ಸೇರಿರಬೇಕಿತ್ತು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಅಲ್ಲಿಗೇ ಹೋಗಿ ಅವನನ್ನು ಕೆಣಕುತ್ತಾನೆ: ಇಷ್ಟೆಲ್ಲ ಕಟ್ಟಿದ ನೀನು ನಿನ್ನನ್ನು ಅರಿತೆಯಾ ಎಂಬ ಅರ್ಥದಲ್ಲಿ. ಮಾತಿಗೆ ಮಾತು ಬೆಳೆದು ಸಿದ್ಧರಾಮ ಅಲ್ಲಮನ ಜತೆ ಕಲ್ಯಾಣಕ್ಕೆ ಬರುತ್ತಾನೆ. ಅಲ್ಲಿ ಅವನಿಗೆ ದೀಕ್ಷೆ ಕೊಡುವವನು ಬಸವಣ್ಣನ ಸೋದರಳಿಯ, ವಯಸ್ಸಿನಲ್ಲಿ ಚಿಕ್ಕವನಾದ ಚೆನ್ನಬಸವಣ್ಣ. ಅಷ್ಟು ಹೆಸರುವಾಸಿಯಾದ ಶಿವಯೋಗಿ ಚಿಕ್ಕ ಹುಡುಗನ ಮುಂದೆ ಕೈಯೊಡ್ಡಿದ. ಅವನ ದುಡಿಮೆ ಆ ದಿನ ವ್ಯರ್ಥವಾಗಲಿಲ್ಲ; ಸೊಲ್ಲಾಪುರದ ಕೆರೆ ಇಂದಿಗೂ ಇದೆ, ನಡುವೆ ಸಿದ್ಧೇಶ್ವರನ ಗುಡಿಯೂ ಇದೆ. ತನ್ನ ಬಲದಿಂದ ತಾನು ತಲುಪಲಾಗದ ಕಡೆಗೆ ಇನ್ನೊಬ್ಬರ ಕೈ ತಲುಪಿಸಿತು. ನಲವತ್ತು ದಾಟಿದ ಮನುಷ್ಯ ಮೂಲ್ಕಿಯ ಮರಳಲ್ಲಿ, ಮೀನುಗಾರರ ಮನೆಯ ಇಪ್ಪತ್ತರ ಹುಡುಗ ಹೇಳಿದಂತೆ ಬೋರಲು ಬಿದ್ದು ಎದ್ದು ಮಾಡುವಾಗ ಈ ವಿನಯದ ಒಂದು ಚೂರಾದರೂ ಅವನಿಗೆ ಬೇಕೇ ಬೇಕು. ಇಲ್ಲದಿದ್ದರೆ ಮಾತು ಕಿವಿಗೆ ಇಳಿಯದು.

ಗುರುವಿನ ಕೈಗೆ ಇನ್ನೊಂದು ಕೆಲಸವೂ ಇದೆ, ತಡೆಯುವುದು. ಜೂನ್‌ನಿಂದ ಮಳೆಗಾಲದ ಕಡಲು ಕೆರಳಿದಾಗ ಹೊಸಬರಿಗೆ ಪಾಠವಿಲ್ಲ. ಬೇಸಿಗೆಯಲ್ಲೂ ಸೆಳೆತ ಕಂಡರೆ ಜಾಗ ಬದಲಿಸುತ್ತಾರೆ, ಇಲ್ಲವೇ ಆ ದಿನ ನೀರಿಗೇ ಇಳಿಸುವುದಿಲ್ಲ. ಇಳಿಸಿದರೂ ಮೊದಲು ಹೇಳಿಕೊಡುತ್ತಾರೆ: ಬಿದ್ದರೆ ತಲೆಗೆ ತೋಳು ಅಡ್ಡ ಹಿಡಿ, ಅಲೆಗೂ ನಿನಗೂ ನಡುವೆ ಹಲಗೆ ಇರಗೊಡಬೇಡ, ಸೆಳೆತಕ್ಕೆ ಸಿಕ್ಕರೆ ಎದುರು ಈಸಬೇಡ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿ. ದುಡ್ಡು ಕೊಟ್ಟು ರಜೆಗೆ ಬಂದವನಿಗೆ ಇವತ್ತು ಬೇಡ ಎನ್ನುವುದು ಸುಲಭವಲ್ಲ. ನೂಕುವ ಕೈಯನ್ನು ಕೃಪೆ ಎಂದರೆ, ತಡೆಯುವ ಕೈಯನ್ನೂ ಕೃಪೆ ಎನ್ನಲೇಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕೃಪೆಯನ್ನು ಹೀಗೆ ಮನುಷ್ಯನ ಕೈಗೆ ಇಳಿಸಿದರೆ ದೇವರಿಗೆ ಉಳಿಯುವುದೇನು? ನಂಬುವವರು, ಆ ಕೈ ಅಲ್ಲಿ ಇದ್ದದ್ದೇ ದೇವರ ದಯೆ ಎನ್ನಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಪುರಿಯ ಕಡಲಿನಿಂದ ಚೈತನ್ಯರನ್ನು ಎತ್ತಿದ ಬೆಸ್ತನ ಬಲೆಯನ್ನು ಭಕ್ತರು ಹಾಗೆಯೇ ಕಾಣುತ್ತಾರೆ. ಆದರೆ ಕೈ ಇರಬೇಕಾದಲ್ಲಿ ಇಲ್ಲದಿದ್ದಾಗ, ಆದ ಅನಾಹುತವನ್ನು ದೇವರ ಇಚ್ಛೆ ಎಂದು ಒಪ್ಪಿಸಿ ಕೈತೊಳೆದುಕೊಳ್ಳುವುದು ಬೇರೆಯೇ ಮಾತು. ಮುರ್ಡೇಶ್ವರದ ಸಾವುಗಳ ಬಳಿಕ ಆ ಕಡಲತೀರಕ್ಕೆ ಕೆಲಕಾಲ ಪ್ರವಾಸಿಗರನ್ನೇ ಬಿಡಲಿಲ್ಲ. ಅಂಥ ಎಚ್ಚರ ಮೊದಲೇ ಇರುವಂತೆ ನೋಡಿಕೊಳ್ಳುವುದು ಮನುಷ್ಯರ ಕೆಲಸ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಶಾಲೆಗಳಿಂದಲೂ ಚಳಿಗಾಲದಲ್ಲಿ ಕಡಲ ಕಡೆಗೆ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಅವುಗಳಲ್ಲಿ ಕೂತ ಹಲವು ಮಕ್ಕಳಿಗೆ ಈಸು ಬರುವುದಿಲ್ಲ. ಬೋರ್‌ವೆಲ್ ಬಂದ ಮೇಲೆ ಇಳಿದು ಈಸುವಂಥ ತೆರೆದ ಬಾವಿಗಳು ಕಡಿಮೆಯಾದವು; ಪಾವಟಿಗೆಯ ಮೇಲೆ ಹಗ್ಗ ಹಿಡಿದು ನಿಲ್ಲುವ ಕಾಕಾಗಳೂ ಕಡಿಮೆಯಾದರು. ಬಸ್ಸು ಹತ್ತುವ ಮೊದಲು ಸೆಳೆತ ಎಂದರೇನೆಂದು ಮಕ್ಕಳಿಗೆ ಒಂದು ತಾಸು ಕೂರಿಸಿ ಹೇಳುವವರು ಬೇಕು. ತೀರಕ್ಕೆ ಇಳಿದಾಗ ಅಲ್ಲಿನ ಜೀವರಕ್ಷಕರನ್ನು ಮೊದಲು ಕಂಡು, ಎಲ್ಲಿಯವರೆಗೆ ಇಳಿಯಬಹುದೆಂದು ಕೇಳುವ ಮಾಸ್ತರರು ಬೇಕು. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಅವರಿಗಿಂತ ಆಳದ ಕಡೆ, ಕಡಲಿಗೆ ಮುಖಮಾಡಿ ನಿಲ್ಲುವ ಈಸು ಬಲ್ಲ ಇಬ್ಬರಾದರೂ ಬೇಕು.